ಪಥ್ಯ ಗೊತ್ತಿದೆ, ಪಾಲಿಸಲು ಆಗುತ್ತಿಲ್ಲ ಎನ್ನುವವರಿಗೆ

ಸಕ್ಕರೆ ಕಾಯಿಲೆ, ರಕ್ತದೊತ್ತಡ (ಬಿ.ಪಿ.) ಮುಂತಾದ ಬಹುಕಾಲದ ಕಾಯಿಲೆಗಳಿಗೆ ಚಿಕಿತ್ಸೆ ಪಡೆಯುತ್ತಿರುವ ರೋಗಿಗಳೇ, ಅವರ ಜೊತೆಗೆ ಬಂದಿರುವ ಬಂಧುಗಳೇ,

ಉಪ್ಪು ಕಡಿಮೆ ಮಾಡಬೇಕು, ದಿನವೂ ನಡೆಯಬೇಕು, ತಂಬಾಕು ಬಿಡಬೇಕು, ಗುಳಿಗೆ ತಪ್ಪಿಸಬಾರದು ಎಂಬುದನ್ನು ನೀವು ಹಲವು ಸಲ ಕೇಳಿದ್ದೀರಿ. ಅದನ್ನೇ ಇಲ್ಲಿ ಮತ್ತೆ ಹೇಳುವುದಿಲ್ಲ. ತಪಾಸಣೆಗೆ ಬಂದವರಿಂದ ನಾವು ದಿನವೂ ಕೇಳುವ ಮಾತು ಬೇರೆಯೇ ಇದೆ: “ಎಲ್ಲಾ ಗೊತ್ತೈತ್ರಿ ಸಿಸ್ಟರ್, ಆದ್ರ ನನ್ನ ಕೈಲೆ ಆಗೂದಿಲ್ರಿ.” ಈ ಲೇಖನ ಆ ಮಾತಿಗೆ ಉತ್ತರ.

ಹೀಗೆ ಹೇಳುವವರು ಸೋಮಾರಿಗಳಲ್ಲ, ಹಟಮಾರಿಗಳೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಶ್ರೀಮಂತ ದೇಶಗಳಲ್ಲಿಯೂ ಬಹುಕಾಲದ ಕಾಯಿಲೆಯವರಲ್ಲಿ ಸುಮಾರು ಅರ್ಧದಷ್ಟು ಜನ ಮಾತ್ರ ವೈದ್ಯರು ಹೇಳಿದಂತೆ ಚಿಕಿತ್ಸೆಯನ್ನು ನಡೆಸಿಕೊಂಡು ಹೋಗುತ್ತಾರೆ. ಓದಿದವರು, ಹಣವಂತರು ಕೂಡ ನಡುವೆ ಬಿಟ್ಟುಬಿಡುತ್ತಾರೆ. ತಿಳಿವಳಿಕೆ ಒಂದೇ ಸಾಲುವುದಿಲ್ಲ ಎಂಬುದು ಇದರಿಂದ ಸ್ಪಷ್ಟ. “ಈ ಕೆಲಸ ನನ್ನಿಂದ ಆಗುತ್ತದೆ” ಎಂಬ ನಂಬಿಕೆಯೂ ಬೇಕು.

ಈ ನಂಬಿಕೆಯನ್ನು ಶಾಸ್ತ್ರೀಯವಾಗಿ ಅಧ್ಯಯನ ಮಾಡಿದವರು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಆಲ್ಬರ್ಟ್ ಬಂಡೂರಾ (1925–2021). ಅವರ ಪ್ರಯೋಗಕ್ಕೆ ಬಂದವರು ಹಾವಿಗೆ ವಿಪರೀತ ಹೆದರುವ ಜನ. ಒಂದು ಗುಂಪಿನವರು, ಬೇರೊಬ್ಬರು ವಿಷವಿಲ್ಲದ ಹಾವನ್ನು ಹಿಡಿಯುವುದನ್ನು ಬರೀ ನೋಡಿದರು. ಇನ್ನೊಂದು ಗುಂಪಿನವರು ಸಹಾಯಕರ ಜೊತೆ ನಿಂತು, ಮೊದಲು ದೂರದಿಂದ, ಆಮೇಲೆ ಹತ್ತಿರದಿಂದ, ಕೊನೆಗೆ ತಾವೇ ಕೈಯಿಂದ ಮುಟ್ಟಿದರು. ನೋಡಿದವರಿಗೂ ಧೈರ್ಯ ಬಂತು, ಆದರೆ ಸ್ವತಃ ಮಾಡಿದವರಿಗೆ ಬಂದ ಧೈರ್ಯ ಹೆಚ್ಚು. 1977ರಲ್ಲಿ ಅವರು ಇದನ್ನು ಸಿದ್ಧಾಂತವಾಗಿ ಮಂಡಿಸಿದರು. (ನಮ್ಮ ಕಡೆಯ ಹೊಲಗಳಲ್ಲಿ ಯಾರೂ ಈ ಪ್ರಯೋಗ ಮಾಡಲು ಹೋಗಬೇಡಿ.) ಮಾತಿಗಿಂತ, ನೋಡುವುದಕ್ಕಿಂತ, ತಾನೇ ಮಾಡಿ ಗೆದ್ದ ಒಂದು ಸಣ್ಣ ಕೆಲಸ ಹೆಚ್ಚು ನಂಬಿಕೆ ಕೊಡುತ್ತದೆ ಎಂಬುದು ಅದರ ತಿರುಳು.

ಇನ್ನೊಂದು ಸಂಗತಿ. ಈ ನಂಬಿಕೆ ಎಲ್ಲ ಕೆಲಸಕ್ಕೂ ಒಂದೇ ತೆರನಾಗಿ ಇರುವುದಿಲ್ಲ. ಜೋಳದ ಚೀಲ ಹೊತ್ತು ಟ್ರ್ಯಾಕ್ಟರಿಗೆ ಏರಿಸುವ ರೈತನಿಗೆ, ಬೀಗರ ಮನೆಯಲ್ಲಿ ಸಕ್ಕರೆ ಹಾಕಿದ ಚಹಾ ಬೇಡ ಎನ್ನುವ ಧೈರ್ಯ ಇರಲಿಕ್ಕಿಲ್ಲ. ಹತ್ತು ಮಂದಿಗೆ ರೊಟ್ಟಿ ಬಡಿಯುವ ತಾಯಿಗೆ ಇನ್ಸುಲಿನ್ ಸೂಜಿ ಚುಚ್ಚಿಕೊಳ್ಳುವುದು ಅಸಾಧ್ಯ ಎನಿಸಬಹುದು. ಆದ್ದರಿಂದ “ಧೈರ್ಯ ತಗೊಳ್ರಿ” ಎಂದು ಹೇಳಿ ಕಳಿಸುವುದರಿಂದ ಏನೂ ಆಗುವುದಿಲ್ಲ. ಯಾವ ಕೆಲಸ ಕಷ್ಟ ಎಂದು ಮೊದಲು ಗೊತ್ತಾಗಬೇಕು.

ಅದಕ್ಕೆ ಒಂದು ಸರಳ ವಿಧಾನವಿದೆ. ಒಂದೇ ಕೆಲಸವನ್ನು ಆರಿಸಿಕೊಳ್ಳಿ. ಇದನ್ನು ಬರುವ ಒಂದು ವಾರ ಮಾಡುತ್ತೇನೆಂಬ ಭರವಸೆ ನನಗೆ ಎಷ್ಟಿದೆ ಎಂದು ನಿಮಗೆ ನೀವೇ 10ಕ್ಕೆ ಅಂಕ ಕೊಟ್ಟುಕೊಳ್ಳಿ. 7 ಅಥವಾ ಹೆಚ್ಚು ಬಂದರೆ ಶುರು ಮಾಡಿ. ಕಡಿಮೆ ಬಂದರೆ ನಿಮ್ಮನ್ನು ಬೈದುಕೊಳ್ಳಬೇಡಿ, ಕೆಲಸವನ್ನು ಸಣ್ಣದು ಮಾಡಿ. “ದಿನಾ ಅರ್ಧ ತಾಸು ನಡೆಯುತ್ತೇನೆ” ಎಂಬುದಕ್ಕೆ 4 ಅಂಕ ಬಂದರೆ “ವಾರಕ್ಕೆ ನಾಲ್ಕು ದಿನ, ಬೆಳಿಗ್ಗೆ ಹತ್ತು ನಿಮಿಷ” ಎಂದು ಮಾಡಿಕೊಳ್ಳಿ. ಹಮ್ಮಿಗಿಯವರಾದರೆ ಹೊಳಿ ಕಡೆ ಅಥವಾ ಬ್ಯಾರೇಜಿನ ಕಡೆ ಹೋಗುವ ರಸ್ತೆಯಲ್ಲಿ ಐದು ನಿಮಿಷ ಹೋಗಿ ತಿರುಗಿ ಬಂದರೆ ಆಯಿತು. ಹೆಣ್ಣುಮಕ್ಕಳು “ವಾಕಿಂಗ್ ಹೊಂಟ್ರ ಮಂದಿ ನಗ್ತಾರ” ಎಂದು ಸಂಕೋಚ ಪಡುತ್ತಾರೆ. ಓಣಿಯ ಇಬ್ಬರು ಸೇರಿ ಹೊರಟರೆ ಆ ಸಂಕೋಚ ಬಹಳ ದಿನ ಇರುವುದಿಲ್ಲ. ವಾರಕ್ಕೆ ಒಟ್ಟು 150 ನಿಮಿಷ ಬಿರುಸಾದ ನಡಿಗೆಯನ್ನು ಮುಟ್ಟುವುದು ಗುರಿ. ಅದಕ್ಕೆ ಎರಡು ತಿಂಗಳು ಹಿಡಿದರೂ ಚಿಂತೆಯಿಲ್ಲ.

ಉಪ್ಪಿನ ವಿಷಯವೂ ಹಾಗೆಯೇ. ಒಬ್ಬರಿಗೆ ದಿನಕ್ಕೆ 5 ಗ್ರಾಮಿಗಿಂತ, ಅಂದರೆ ಒಂದು ಸಣ್ಣ ಚಮಚಕ್ಕಿಂತ, ಕಡಿಮೆ ಇರಬೇಕು ಎನ್ನುತ್ತಾರೆ. ಅಡುಗೆಮನೆಯಲ್ಲಿ ಗ್ರಾಮು ತೂಗುವವರು ಯಾರು? ಲೆಕ್ಕ ಹೀಗೆ ಹಾಕಿ: ಐದು ಜನರ ಮನೆಗೆ ದಿನಕ್ಕೆ 25 ಗ್ರಾಂ, ಅಂದರೆ ಒಂದು ಕಿಲೋ ಉಪ್ಪಿನ ಪ್ಯಾಕೆಟ್ 40 ದಿನ ಬರಬೇಕು. ಪ್ಯಾಕೆಟ್ ಒಡೆದ ತಾರೀಖನ್ನು ಅದರ ಮೇಲೆಯೇ ಬರೆದಿಡಿ. 25 ದಿನಕ್ಕೆ ಮುಗಿದರೆ, ಮುಂದಿನದು 28 ದಿನ ಬರುವಂತೆ ನೋಡಿಕೊಳ್ಳಿ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಅಂಗಡಿಯ ಚೂಡಾ ಇವುಗಳ ಉಪ್ಪು ಈ ಲೆಕ್ಕದಲ್ಲಿ ಸೇರಿಲ್ಲ. ಅವುಗಳಲ್ಲಿ ಮೊದಲು ಒಂದನ್ನು ಕಡಿಮೆ ಮಾಡಿ. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿಯನ್ನು ಬಿಡಬೇಕಾಗಿಲ್ಲ, ಕುಟ್ಟುವಾಗಲೇ ಉಪ್ಪು ಕಡಿಮೆ ಹಾಕಿ.

ಗುಳಿಗೆಯದು ಹೆಚ್ಚು ಗಂಭೀರ. ಬಿ.ಪಿ. ಹೆಚ್ಚಿದ್ದರೂ ಅನೇಕರಿಗೆ ಏನೂ ಅನಿಸುವುದಿಲ್ಲ. “ಆರಾಮ ಅದೀನಿ” ಎಂದು ಗುಳಿಗೆ ನಿಲ್ಲಿಸಿ, ಮುಂದೊಂದು ದಿನ ಬಾಯಿ ಸೊಟ್ಟಗಾಗಿ, ಒಂದು ಕೈ ಕಾಲು ಬಿದ್ದು (ಲಕ್ವಾ ಹೊಡೆದು) ಬರುವವರಿದ್ದಾರೆ. ಇಂಥವರಲ್ಲಿ ಹಲವರಿಗೆ ಗುಳಿಗೆಯ ಮಹತ್ವ ಗೊತ್ತಿತ್ತು, ಸುಗ್ಗಿಯಲ್ಲಿ, ಮದುವೆ, ಜಾತ್ರೆಯಲ್ಲಿ ನಾಲ್ಕು ದಿನ ತಪ್ಪಿತು, “ಇನ್ನ ನನ್ನ ಕೈಲೆ ಆಗೂದಿಲ್ಲ” ಎಂದು ಪೂರ್ತಿ ಬಿಟ್ಟರು. ನಾಲ್ಕು ದಿನ ತಪ್ಪಿದರೆ ಐದನೆಯ ದಿನ ಮತ್ತೆ ಶುರು ಮಾಡಬೇಕು, ಅಷ್ಟೇ. ತಪ್ಪಿದ್ದನ್ನೆಲ್ಲ ಒಟ್ಟಿಗೆ ನುಂಗಬಾರದು. ದಿನವೂ ತಪ್ಪದೆ ಮಾಡುವ ಕೆಲಸದ ಪಕ್ಕದಲ್ಲಿ, ಹಲ್ಲುಜ್ಜುವ ಜಾಗದಲ್ಲೋ ಚಹಾಪುಡಿ ಡಬ್ಬಿಯ ಹತ್ತಿರವೋ, ಮಕ್ಕಳ ಕೈಗೆ ಸಿಗದ ಎತ್ತರದಲ್ಲಿ ಗುಳಿಗೆ ಇಡಿ. ಊರಿಗೆ ಹೋಗುವ ಚೀಲದಲ್ಲಿ ಒಂದು ಪಟ್ಟಿ ಇರಲಿ.

ಹೊಸದಾಗಿ ನಡೆಯಲು ಶುರು ಮಾಡಿದಾಗ ತುಸು ಏದುಸಿರು, ಬೆವರು, ಮೀನಖಂಡದ ನೋವು ಸಹಜ. ತಂಬಾಕು ಬಿಟ್ಟ ಮೊದಲ ಕೆಲವು ವಾರ ಸಿಟ್ಟು, ಚಡಪಡಿಕೆ ಬರುತ್ತದೆ. ಇದನ್ನು ನೋಡಿ “ನನ್ನ ಮೈಗೆ ಇದು ಒಗ್ಗುವುದಿಲ್ಲ” ಎಂದು ತೀರ್ಮಾನಿಸಬೇಡಿ, ಇವು ಕಡಿಮೆಯಾಗುತ್ತವೆ. (ತಂಬಾಕು ಬಿಡಲು ಸರ್ಕಾರದ ಉಚಿತ ದೂರವಾಣಿ 1800-11-2356.) ಆದರೆ ಎದೆ ಹಿಡಿದಂತಾದರೆ, ನೋವು ಎಡಗೈಗೆ ಅಥವಾ ದವಡೆಗೆ ಬಂದರೆ ಕೂಡಲೇ ನಿಲ್ಲಿಸಿ ದವಾಖಾನೆಗೆ ಬನ್ನಿ. ಸಕ್ಕರೆ ಕಾಯಿಲೆಗೆ ಗುಳಿಗೆ, ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಕೈ ನಡುಗಿ, ತಣ್ಣನೆಯ ಬೆವರು ಬಂದು, ವಿಪರೀತ ಹಸಿವಾದರೆ ಸಕ್ಕರೆ ಇಳಿದಿದೆ ಎಂದು ತಿಳಿದು ಮೂರು ಚಮಚ ಸಕ್ಕರೆಯನ್ನು ನೀರಿಗೆ ಹಾಕಿ ಕುಡಿಯಬೇಕು. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬಾರದು.

ಬಂಧುಗಳಿಗೆ ಒಂದು ಮಾತು. “ನಿಮ್ಮ ಕೈಲೆ ಎಲ್ಲಿ ಆಗ್ತದ ಬಿಡ್ರಿ” ಎಂದು ಮಗ ಹೇಳಿದರೆ ಅಪ್ಪ ಅದನ್ನು ನಂಬುತ್ತಾನೆ. ಅತಿಯಾದ ಪ್ರೀತಿಯೂ ಅಡ್ಡಿಯೇ: ಕಣ್ಣು, ನೆನಪು ಚೆನ್ನಾಗಿರುವವರಿಗೂ ಗುಳಿಗೆ ಬಿಡಿಸಿ ಕೈಗೆ ಕೊಟ್ಟರೆ, ಕೊಡುವವರು ಊರಿಗೆ ಹೋದ ದಿನ ಗುಳಿಗೆ ತಪ್ಪುತ್ತದೆ. ಇನ್ಸುಲಿನ್ ಶುರು ಮಾಡಿದವರು ಡಿಸ್ಚಾರ್ಜ್ ಆಗುವ ಮೊದಲು ಒಮ್ಮೆಯಾದರೂ ನಮ್ಮ ಎದುರಿಗೆ ತಾವೇ ಚುಚ್ಚಿಕೊಳ್ಳಬೇಕು ಎಂದು ನಾವು ಹಟ ಹಿಡಿಯುವುದು ಇದಕ್ಕಾಗಿಯೇ. ಹೊಗಳುವುದಾದರೆ “ಈ ವಾರ ನಾಲ್ಕು ದಿನ ನಡದೀರಿ” ಎಂದು ನಡೆದದ್ದನ್ನೇ ಹೇಳಿ. ರೋಗಿಗೊಂದು ಸಪ್ಪೆ ಪಲ್ಯ, ಉಳಿದವರಿಗೊಂದು ಪಲ್ಯ ಎಂದು ಮಾಡಬೇಡಿ. ಕಡಿಮೆ ಉಪ್ಪಿನದು ಎಲ್ಲರಿಗೂ ಒಳ್ಳೆಯದೇ.

ತಪಾಸಣೆಯ ದಿನ ಬೆಂಚಿನ ಮೇಲೆ ಪಕ್ಕದಲ್ಲಿ ಕುಳಿತವರನ್ನೂ ಮಾತನಾಡಿಸಿ. ನಿಮ್ಮಂತೆಯೇ ಹೊಲ-ಮನೆ ನೋಡಿಕೊಂಡು ಸಕ್ಕರೆ ಹಿಡಿತದಲ್ಲಿಟ್ಟವರ ಒಂದು ಮಾತು ನಮ್ಮ ಹತ್ತು ಮಾತಿಗಿಂತ ಹೆಚ್ಚು. ಸ್ಟ್ಯಾನ್‌ಫರ್ಡ್‌ನಲ್ಲಿಯೇ ಕೇಟ್ ಲೋರಿಗ್ ಎಂಬುವರು (ಅವರೂ ನಮ್ಮಂತೆ ನರ್ಸ್) ಕೀಲುನೋವಿನವರಿಗೆ ತರಬೇತಿ ಕೊಡಲು ಅದೇ ನೋವಿರುವ ಸಾಮಾನ್ಯ ಜನರನ್ನೇ ಸಿದ್ಧಪಡಿಸಿದರು. ಕಲಿತವರಲ್ಲಿ ನೋವು ಕಡಿಮೆಯಾದದ್ದಕ್ಕೆ ಹೊಸ ಅಭ್ಯಾಸಗಳಿಗಿಂತ ಹೆಚ್ಚಾಗಿ “ನನ್ನಿಂದ ಆಗುತ್ತದೆ” ಎಂಬ ನಂಬಿಕೆಯ ನಂಟು ಕಂಡುಬಂತು.

ಹಾಗೆಂದು ಧೈರ್ಯವೊಂದಿದ್ದರೆ ಗುಳಿಗೆ ಬೇಡ ಎಂದು ತಿಳಿಯಬೇಡಿ. ಹಣವಿಲ್ಲದೆ ಗುಳಿಗೆ ತಪ್ಪಿದರೆ ಅದು ನಂಬಿಕೆಯ ಕೊರತೆಯಲ್ಲ. ಸಂಕೋಚ ಬಿಟ್ಟು ಹೇಳಿ: ಬಿ.ಪಿ., ಸಕ್ಕರೆಯ ಗುಳಿಗೆಗಳನ್ನು ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಕೊಡುತ್ತಾರೆ. 2024ರಲ್ಲಿ ಕೋಲಾರ ಜಿಲ್ಲೆಯಿಂದ ಶುರುವಾದ ರಾಜ್ಯದ ಗೃಹ ಆರೋಗ್ಯ ಯೋಜನೆಯಲ್ಲಿ 30 ವರ್ಷ ದಾಟಿದವರನ್ನು ಮನೆಗೇ ಬಂದು ತಪಾಸಣೆ ಮಾಡುವ ವ್ಯವಸ್ಥೆಯಿದೆ. ನಿಮ್ಮ ಓಣಿಯ ಆಶಾ ಕಾರ್ಯಕರ್ತೆಯನ್ನು ಕೇಳಿ.

ಕೊನೆಯದಾಗಿ, ಗುಳಿಗೆ ತಪ್ಪಿಸಿದ್ದರೆ ವೈದ್ಯರ ಎದುರು ಮುಚ್ಚಿಡಬೇಡಿ. ನೀವು “ದಿನಾ ತಗೊಂಡೇನ್ರಿ” ಎಂದರೆ, ಬಿ.ಪಿ. 140/90 ದಾಟಿರುವುದನ್ನು ನೋಡಿ ವೈದ್ಯರು ಇದ್ದ ಗುಳಿಗೆ ಸಾಲದು ಎಂದು ಇನ್ನೊಂದನ್ನು ಸೇರಿಸುತ್ತಾರೆ. ಆಮೇಲೆ ಎರಡನ್ನೂ ಸರಿಯಾಗಿ ತೆಗೆದುಕೊಂಡ ದಿನ ಬಿ.ಪಿ. ತೀರ ಇಳಿದು ತಲೆ ತಿರುಗಿ ಬೀಳಬಹುದು. ಗೋಡೆಯ ಕ್ಯಾಲೆಂಡರಿನಲ್ಲಿ ಗುಳಿಗೆ ತೆಗೆದುಕೊಂಡ ದಿನಕ್ಕೆ ಒಂದು ಗೆರೆ, ನಡೆದ ದಿನಕ್ಕೆ ಒಂದು ಚುಕ್ಕೆ ಇಡಿ. ಅಕ್ಷರ ಬಾರದವರಿಗೂ ಇದು ಬರುತ್ತದೆ. ಮುಂದಿನ ಸಲ ಬರುವಾಗ ಆ ಹಾಳೆ, ಗುಳಿಗೆಯ ಖಾಲಿ ಪಟ್ಟಿಗಳು, ಹಳೆಯ ಚೀಟಿ ಮೂರನ್ನೂ ತನ್ನಿ. ಹಾಳೆಯಲ್ಲಿ ಖಾಲಿ ಬಿಟ್ಟ ದಿನಗಳಿದ್ದರೂ ತನ್ನಿ, ಅವು ಯಾಕೆ ತಪ್ಪಿದವು ಎಂದು ಜೊತೆಗೆ ಕುಳಿತು ನೋಡೋಣ.