ಬಾಗಿದ ನಳಿಕೆಯ ನೀರು

ಅಡುಗೆಮನೆಯ ಹಳೆಯ ಸಿಂಕನ್ನು ತೆಗೆದು, ಸ್ಟೀಲಿನ ಹೊಸ ಸಿಂಕನ್ನೂ ಹೊಸ ನಲ್ಲಿಯನ್ನೂ ಪ್ಲಂಬರನ ನೆರವಿಲ್ಲದೆ ತಾವೇ ಕೂಡಿಸಿಕೊಂಡ ಓದುಗರೊಬ್ಬರು, ಕೆಲಸವೆಲ್ಲ ಅಚ್ಚುಕಟ್ಟಾಗಿ ಮುಗಿದು ಎಲ್ಲಿಯೂ ಒಂದು ಹನಿ ಸೋರದಿದ್ದರೂ, ಬೆಳಗ್ಗೆ ಅಡುಗೆಮನೆಯ ಬಾಗಿಲು ತೆರೆದೊಡನೆ ಚರಂಡಿಯ ದುರ್ಗಂಧ ಮೂಗಿಗೆ ಬಡಿಯುವುದೆಂದೂ, ಇದರ ಕಾರಣವನ್ನು ತಿಳಿಸಬೇಕೆಂದೂ ಪತ್ರ ಬರೆದಿದ್ದಾರೆ. ಹಳೆಯ ಸಿಂಕಿನ ಅಡಿಯಲ್ಲಿ ಸೀಸೆಯಾಕಾರದ ಭಾಗವೊಂದಿದ್ದಿತೆಂದೂ, ಅದು ಪದೇಪದೇ ಕಟ್ಟಿಕೊಳ್ಳುತ್ತಿದ್ದುದರಿಂದ ಅದನ್ನು ಕಿತ್ತೆಸೆದು, ಮಡಿಕೆಮಡಿಕೆಯಾದ ಪ್ಲಾಸ್ಟಿಕ್ ವೇಸ್ಟ್ ಪೈಪನ್ನು ಗೋಡೆಯೊಳಗಿನ ಕೊಳವೆಗೆ ನೇರವಾಗಿ ಇಳಿಬಿಟ್ಟಿರುವುದಾಗಿಯೂ ಪತ್ರದ ಕೊನೆಯಲ್ಲಿ ಅವರೇ ಹೇಳಿರುವುದರಿಂದ, ಪ್ರಶ್ನೆಯೊಳಗೇ ಉತ್ತರವೂ ಅಡಗಿದೆ. ಅವರು ಎಸೆದ ಆ ಸೀಸೆ, ಅಂಗಡಿಯವರು ಬಾಟಲ್ ಟ್ರ್ಯಾಪ್ ಎಂದು ಕರೆಯುವ ಆ ಅಗ್ಗದ ವಸ್ತು, ಇಡೀ ಸಿಂಕಿನ ವ್ಯವಸ್ಥೆಯಲ್ಲಿ ಅತ್ಯಂತ ಬುದ್ಧಿವಂತಿಕೆಯಿಂದ ರೂಪಿತವಾದ ಅಂಗವೆಂದೇ ನನ್ನ ಅಭಿಪ್ರಾಯ.

ನಲ್ಲಿಯ ವಿಷಯದಲ್ಲಿ ನಮ್ಮ ಓದುಗರು ತೋರಿದ ಎಚ್ಚರಿಕೆ ಮೆಚ್ಚತಕ್ಕದ್ದೇ. ಅರ್ಧ ಇಂಚಿನ ನಲ್ಲಿಯ ತಿರುಪಿನ ಸುತ್ತುಗಳ ಮೇಲೆ ಅವರು ಬಿಗಿಯಾಗಿ ಸುತ್ತಿದ ಬಿಳಿಯ ಟೆಫ್ಲಾನ್ ಟೇಪಿಗೂ ಒಂದು ಸ್ವಾರಸ್ಯವಾದ ಚರಿತ್ರೆಯುಂಟು. 1938ರ ಏಪ್ರಿಲ್ 6ರಂದು ಅಮೆರಿಕದ ನ್ಯೂಜೆರ್ಸಿಯಲ್ಲಿ, ಡ್ಯುಪಾಂಟ್ ಸಂಸ್ಥೆಯ ತರುಣ ರಸಾಯನಶಾಸ್ತ್ರಜ್ಞ ರಾಯ್ ಪ್ಲಂಕೆಟ್, ಶೀತಕಯಂತ್ರಗಳಿಗೆ ಬೇಕಾದ ಅನಿಲಗಳನ್ನು ಶೋಧಿಸುತ್ತಿದ್ದಾಗ, ಅನಿಲ ತುಂಬಿದ್ದ ಉರುಳೆಯೊಂದರ ಕವಾಟವನ್ನು ತಿರುಗಿಸಿದರೆ ಏನೂ ಹೊರಬಾರದೆ, ತೂಗಿ ನೋಡಿದರೆ ತೂಕ ಮಾತ್ರ ಕಡಿಮೆಯಾಗದಿರುವುದನ್ನು ಕಂಡು, ಉರುಳೆಯನ್ನೇ ಗರಗಸದಿಂದ ಕೊಯ್ಯಿಸಿ, ಒಳಗೆ ಶೇಖರವಾಗಿದ್ದ ನುಣುಪಾದ ಬಿಳಿಯ ಪುಡಿಯನ್ನು ಪತ್ತೆಮಾಡಿದನು. ಯಾವ ಆಮ್ಲಕ್ಕೂ ಸುಲಭವಾಗಿ ಜಗ್ಗದ, ಯಾವುದಕ್ಕೂ ಅಂಟದ ಆ ಪದಾರ್ಥವೇ ಇಂದು ತೆಳುವಾದ ಪಟ್ಟಿಯಾಗಿ ತಿರುಪಿನ ಸುತ್ತುಗಳ ನಡುವಣ ಸಂದುಗಳನ್ನು ತುಂಬಿ ನೀರನ್ನು ತಡೆಯುತ್ತಿದೆ. ಆದರೆ ನೀರು ಸೋರಿದರೆ ಕಣ್ಣಿಗೆ ಕಾಣುತ್ತದೆ, ಕೈಗೆ ತಗಲುತ್ತದೆ; ಗಾಳಿ ಸೋರಿದರೆ ಯಾವ ಗುರುತೂ ಉಳಿಯುವುದಿಲ್ಲ. ಸಿಂಕಿನ ಮೇಲ್ಭಾಗದಲ್ಲಿ ನಾವು ತಡೆಯಬೇಕಾದದ್ದು ನೀರನ್ನಾದರೆ, ಕೆಳಭಾಗದಲ್ಲಿ ನೀರಿನೊಡನೆ ಗಾಳಿಯನ್ನೂ ತಡೆಯಬೇಕಾಗಿದೆಯೆಂಬುದನ್ನು ಮರೆತಾಗಲೇ ಈ ತೊಂದರೆ ಹುಟ್ಟುವುದು.

ಒಳಚರಂಡಿಯ ಕತ್ತಲೆಯಲ್ಲಿ, ಆಮ್ಲಜನಕವಿಲ್ಲದೆಡೆಯಲ್ಲಿ ಬಾಳುವ ಬ್ಯಾಕ್ಟೀರಿಯಗಳು ಕೊಳೆಯಲ್ಲಿರುವ ಗಂಧಕದ ಸಂಯುಕ್ತಗಳನ್ನು ವಿಘಟಿಸಿ, ಕೊಳೆತ ಮೊಟ್ಟೆಯ ವಾಸನೆಯುಳ್ಳ ಹೈಡ್ರೋಜನ್ ಸಲ್ಫೈಡ್ ಅನಿಲವನ್ನು ಉತ್ಪಾದಿಸುತ್ತಲೇ ಇರುತ್ತವೆ. ಗಾಳಿಯಲ್ಲಿ ಕೋಟಿಗೆ ಒಂದು ಭಾಗಕ್ಕಿಂತ ಕಡಿಮೆ ಇದ್ದರೂ ನಮ್ಮ ಮೂಗು ಇದನ್ನು ಗುರುತಿಸಬಲ್ಲದು. ಆದರೆ ಹತ್ತು ಲಕ್ಷಕ್ಕೆ ನೂರು ಭಾಗದಷ್ಟಾದಾಗ ಘ್ರಾಣಶಕ್ತಿಯೇ ಕುಗ್ಗಿ, ಅಪಾಯ ಹೆಚ್ಚಿದಂತೆಲ್ಲ ಅದರ ಅರಿವೇ ಇಲ್ಲವಾಗುವುದು. ಮ್ಯಾನ್‌ಹೋಲಿಗೆ ಇಳಿದವರು ಪ್ರಾಣ ಕಳೆದುಕೊಳ್ಳುವ ದಾರುಣ ಪ್ರಸಂಗಗಳಲ್ಲಿ ಈ ಅನಿಲದ ಪಾತ್ರ ದೊಡ್ಡದು. ಅಡುಗೆಮನೆಗೆ ಬರುವ ಪ್ರಮಾಣ ಅಷ್ಟಿಲ್ಲವಾದರೂ, ಬರಗೊಡಬೇಕಾದ ಅಗತ್ಯವಂತೂ ಇಲ್ಲ.

ಸಿಂಕಿನ ನೀರು ಕೆಳಗಿಳಿಯುವ ದಾರಿಯಲ್ಲಿ ಒಮ್ಮೆ ತಗ್ಗಿ, ಮತ್ತೆ ಮೇಲೇರಿ, ಆಮೇಲೆ ಹೊರಹೋಗುವಂತೆ ನಳಿಕೆಯನ್ನು ಬಾಗಿಸಿದರೆ, ಪ್ರತಿಸಲವೂ ಹರಿದ ನೀರಿನ ಕೊನೆಯ ಅಂಶ ಆ ತಗ್ಗಿನಲ್ಲಿ ನಿಲ್ಲುತ್ತದೆ. ಮೇಲಿನಿಂದ ಹೊಸ ನೀರು ಬಂದಾಗ ಅದು ದಾರಿ ಬಿಡುತ್ತದೆ. ಕೆಳಗಿನ ಗಾಳಿ ಮೇಲೇರಲೆತ್ನಿಸಿದಾಗ ಅಡ್ಡ ನಿಲ್ಲುತ್ತದೆ. ಬಾಟಲ್ ಟ್ರ್ಯಾಪಿನ ಸೀಸೆಯೂ ಮಾಡುವುದು ಇದನ್ನೇ. ಈ ತಡೆಯ ಆಳ 50 ಮಿಲಿಮೀಟರ್ ಇದ್ದಿತೆಂದು ಭಾವಿಸೋಣ. ಚರಂಡಿಯ ಗಾಳಿ ಒತ್ತಿದಾಗ ಆ ಕಡೆಯ ನೀರು 50 ಮಿಲಿಮೀಟರ್ ತಗ್ಗಿ, ಈ ಕಡೆಯದು ಅಷ್ಟೇ ಏರಿ, ಒಟ್ಟು 100 ಮಿಲಿಮೀಟರ್ ಎತ್ತರದ ನೀರಿನ ಭಾರವನ್ನು ಗಾಳಿ ಹೊರಬೇಕಾಗುವುದು. ವಾಯುಮಂಡಲದ ಒತ್ತಡ ಸುಮಾರು ಹತ್ತು ಮೀಟರ್ ನೀರಿನ ಕಂಬಕ್ಕೆ ಸಮವಾದುದರಿಂದ, ಇದು ಅದರ ನೂರರಲ್ಲೊಂದು ಪಾಲು ಮಾತ್ರ. ಆದರೂ, ತಾರಸಿಯ ಮೇಲೆ ಬಾಯ್ದೆರೆದ ಗಾಳಿಕೊಳವೆಯಿರುವ ಚರಂಡಿಯಲ್ಲಿ ಅಷ್ಟು ಒತ್ತಡವೂ ಹುಟ್ಟುವುದು ಅಪರೂಪವಾದುದರಿಂದ, ಸವೆಯುವ ಭಾಗ ಒಂದೂ ಇಲ್ಲದ ಈ ಕವಾಟ ವರ್ಷಗಟ್ಟಲೆ ಕೆಲಸಮಾಡುತ್ತದೆ.

ಇಷ್ಟು ಸರಳವಾದ ಉಪಾಯ ಮನುಷ್ಯನಿಗೆ ಬೇಗನೆ ಹೊಳೆಯಲಿಲ್ಲ. ಇಂಗ್ಲೆಂಡಿನಲ್ಲಿ ಒಂದನೆಯ ಎಲಿಜಬೆತ್ ರಾಣಿಯ ಧರ್ಮಪುತ್ರನಾದ ಸರ್ ಜಾನ್ ಹ್ಯಾರಿಂಗ್‌ಟನ್ 1596ರಲ್ಲೇ ನೀರು ಸುರಿದು ತೊಳೆಯುವ ಪಾಯಿಖಾನೆಯನ್ನು ವರ್ಣಿಸಿದ್ದನಾದರೂ, ಅದರ ನಳಿಕೆಯಲ್ಲಿ ಈ ಬಾಗು ಇರಲಿಲ್ಲ. ಅದಾಗಿ ಸುಮಾರು ನೂರೆಂಬತ್ತು ವರ್ಷಗಳ ಮೇಲೆ, 1775ರಲ್ಲಿ, ಇಂಗ್ಲಿಷಿನ ಎಸ್ ಅಕ್ಷರದಂತೆ ಬಾಗಿದ ನಳಿಕೆಯುಳ್ಳ ಪಾಯಿಖಾನೆಗೆ ಪೇಟೆಂಟು ಪಡೆದವನು ಅಲೆಗ್ಸಾಂಡರ್ ಕಮಿಂಗ್; ಎಡಿನ್‌ಬರೋದಲ್ಲಿ ಹುಟ್ಟಿ ಲಂಡನ್ನಿನಲ್ಲಿ ಹೆಸರು ಗಳಿಸಿದ ಗಡಿಯಾರದ ಕುಶಲಿ. ಈತನೇ 1760ರ ದಶಕದಲ್ಲಿ ಮೂರನೆಯ ಜಾರ್ಜ್ ದೊರೆಗಾಗಿ, ಹೊತ್ತನ್ನು ತೋರಿಸುವುದರ ಜೊತೆಗೆ ವಾಯುವಿನ ಒತ್ತಡದ ಏರಿಳಿತವನ್ನೂ ತಾನಾಗಿ ಬರೆದಿಡುವ ಒಂದು ಗಡಿಯಾರವನ್ನು ನಿರ್ಮಿಸಿದ್ದನು. ಗಾಳಿಯ ಒತ್ತಡವನ್ನು ದ್ರವದ ಎತ್ತರದಿಂದ ಅಳೆಯುವ ವಿದ್ಯೆಯಲ್ಲಿ ಪಳಗಿದ್ದವನಿಗೇ, ಸ್ವಲ್ಪ ನೀರಿನಿಂದ ಗಾಳಿಯನ್ನು ತಡೆಯಬಹುದೆಂಬ ಉಪಾಯವೂ ಸಿದ್ಧಿಸಿದ್ದನ್ನು ಕಂಡಾಗ ನನಗೆ ಬಹಳ ಸಂತೋಷವಾಗುತ್ತದೆ.

ಆ ಕಾಲದ ಜನ ದುರ್ಗಂಧಕ್ಕೆ ಅಂಜುತ್ತಿದ್ದುದು ಅಸಹ್ಯದಿಂದ ಮಾತ್ರವಲ್ಲ; ಕೆಟ್ಟ ಗಾಳಿಯೇ ಕಾಲರಾ, ವಿಷಮಜ್ವರಗಳಿಗೆ ಮೂಲವೆಂದು ವೈದ್ಯರೂ ನಂಬಿದ್ದರು. 1858ರ ಬೇಸಗೆಯಲ್ಲಿ ಥೇಮ್ಸ್ ನದಿ ನಾರಿ ಪಾರ್ಲಿಮೆಂಟಿನವರೇ ಕುಳಿತುಕೊಳ್ಳಲಾರದೆ ಹೋದಾಗ, ಲಂಡನ್ನಿಗೆ ಹೊಸ ಒಳಚರಂಡಿಯನ್ನು ಕಟ್ಟುವ ಕಾರ್ಯ ತ್ವರೆಗೊಂಡಿತು. 1871ರಲ್ಲಿ ಯುವರಾಜನೇ ವಿಷಮಜ್ವರದಿಂದ ಸಾವಿನಂಚಿಗೆ ಹೋಗಿ ಬಂದಾಗ, ಅವನು ತಂಗಿದ್ದ ಮನೆಯ ಚರಂಡಿಯ ಗಾಳಿಯ ಮೇಲೆ ಅಪವಾದ ಬಂದಿತು. ಕ್ರಮೇಣ ಸೂಕ್ಷ್ಮಜೀವಿಗಳೇ ರೋಗಕಾರಣವೆಂದೂ, ಕಾಲರಾ ಹರಡುವುದು ಮಲಿನವಾದ ನೀರಿನಿಂದಲೆಂದೂ ಸ್ಥಿರಪಟ್ಟು, ಚರಂಡಿಯ ಗಾಳಿಯ ಭಯ ಹಿಂದೆ ಸರಿಯಿತು. ತಪ್ಪು ಸಿದ್ಧಾಂತದಿಂದ ಪ್ರೇರಿತವಾದ ಸಾಧನ ಮಾತ್ರ ಸರಿಯಾದುದಾಗಿಯೇ ಉಳಿಯಿತು.

ಅದು ಎಷ್ಟು ಸರಿಯೆಂಬುದು 2003ರಲ್ಲಿ ಜಗತ್ತಿಗೆ ಮತ್ತೊಮ್ಮೆ ಮನವರಿಕೆಯಾಯಿತು. ಹಾಂಗ್‌ಕಾಂಗಿನ ಅಮಾಯ್ ಗಾರ್ಡನ್ಸ್ ಎಂಬ ಬಹುಮಹಡಿ ವಸತಿಸಮುಚ್ಚಯದಲ್ಲಿ ಸಾರ್ಸ್ ರೋಗ ಕೆಲವೇ ವಾರಗಳಲ್ಲಿ 300ಕ್ಕೂ ಹೆಚ್ಚು ಜನರಿಗೆ ತಗಲಿದಾಗ, ಅಲ್ಲಿಯ ಆರೋಗ್ಯ ಇಲಾಖೆ ತನಿಖೆ ನಡೆಸಿ, ಬಚ್ಚಲುಮನೆಗಳ ನೆಲದ ಟ್ರ್ಯಾಪುಗಳು ನೀರಿಲ್ಲದೆ ಒಣಗಿದ್ದವೆಂದೂ, ಗಾಳಿಯನ್ನು ಹೊರಹಾಕುವ ಫ್ಯಾನುಗಳು ತಿರುಗಿದಾಗ ಎಲ್ಲ ಮಹಡಿಗಳಿಗೂ ಸಾಮಾನ್ಯವಾದ ಲಂಬಕೊಳವೆಯಿಂದ ರೋಗಾಣುವುಳ್ಳ ತುಂತುರು ಮನೆಯೊಳಕ್ಕೆ ಸೆಳೆಯಲ್ಪಟ್ಟಿತೆಂದೂ ನಿರ್ಣಯಿಸಿತು. ಕಿಟಕಿಗಳನ್ನು ಮುಚ್ಚಿ ಚಿಮ್ನಿಯನ್ನು ಹಾಕುವ ನಮ್ಮ ಅಪಾರ್ಟ್‌ಮೆಂಟಿನ ಅಡುಗೆಮನೆಗಳಲ್ಲಿಯೂ ಇಂಥದೇ ಸೆಳೆತ ಉಂಟಾಗುವುದು. ಟ್ರ್ಯಾಪಿನಲ್ಲಿ ನೀರಿದ್ದರೆ ಅದು ಲೆಕ್ಕಕ್ಕಿಲ್ಲ, ಇಲ್ಲದಿದ್ದರೆ ಬಾಗಿಲು ತೆರೆದಿಟ್ಟಂತೆಯೇ ಸರಿ.

ಟ್ರ್ಯಾಪನ್ನು ಕೂಡಿಸಿದ ಮೇಲೂ ಅದರ ನೀರು ತಪ್ಪಿಹೋಗುವ ದಾರಿ ಎರಡುಂಟು. ಡಬ್ಬಿಯಿಂದ ಸೀಮೆಎಣ್ಣೆಯನ್ನು ರಬ್ಬರು ನಳಿಕೆಯಿಂದ ಒಮ್ಮೆ ಎಳೆದುಬಿಟ್ಟರೆ ಅದು ತಾನಾಗಿ ಹರಿದು ಡಬ್ಬಿಯನ್ನು ಬರಿದುಮಾಡುವಂತೆ, ತುಂಬಿದ ಸಿಂಕಿನ ನೀರು ಒಮ್ಮೆಲೇ ಕೊಳವೆಯ ತುಂಬ ಇಳಿದಾಗ, ತನ್ನ ಹಿಂದಿನ ನೀರನ್ನೆಲ್ಲ ಸೆಳೆದುಕೊಂಡೇ ಹೋಗುವುದುಂಟು. ಟ್ರ್ಯಾಪಿನಿಂದ ಹೊರಟ ಕೊಳವೆ ಕಡಿದಾಗಿ ಕೆಳಕ್ಕಿಳಿಯುತ್ತಿದ್ದರೆ ಈ ಸೆಳೆತ ಹೆಚ್ಚು. ಸ್ವಲ್ಪ ದೂರ ಹೆಚ್ಚುಕಡಿಮೆ ಅಡ್ಡವಾಗಿ ಸಾಗಿ ಗೋಡೆ ಸೇರಿದರೆ ಕಡಿಮೆ. ಎರಡನೆಯದು ಆವಿಯಾಗುವಿಕೆ: ಬೇಸಗೆ ರಜೆಯಲ್ಲಿ ವಾರಗಟ್ಟಲೆ ಬೀಗ ಹಾಕಿದ ಮನೆಯಲ್ಲಿ, ಅದರಲ್ಲಿಯೂ ರಾಯಚೂರು, ಕಲಬುರಗಿಗಳ ಒಣಗಾಳಿಯಲ್ಲಿ, ಈ ನೀರು ಆರಿಹೋಗುವುದು ಸಹಜ.

ನಮ್ಮ ಓದುಗರು ಮೊದಲು ಗೋಡೆಯೊಳಗಿನ ಕೊಳವೆ ಎಲ್ಲಿ ಸೇರುತ್ತದೆಂಬುದನ್ನು ನೋಡಲಿ. ಅದು ಹೊರಗಡೆ ಗಲ್ಲಿ ಟ್ರ್ಯಾಪ್ ಎಂಬ, ನೀರಿನ ತಡೆಯುಳ್ಳ ಗುಂಡಿಯ ಜಾಲರಿಯ ಮೇಲೆ ಬೀಳುತ್ತಿದ್ದರೆ, ಚರಂಡಿಯ ಗಾಳಿಗೆ ತಡೆ ಅಲ್ಲಿಯೇ ಇದೆ. ಆಗ ವಾಸನೆ ಬರುವುದು ಕೊಳವೆಯ ಒಳಮೈಗೆ ಅಂಟಿದ ಜಿಡ್ಡಿನಿಂದಲೇ. ಪತ್ರದಲ್ಲಿ ಹೇಳಿರುವ ವಾಸನೆಯಾದರೋ ನೇರ ಸಂಪರ್ಕವನ್ನೇ ಸೂಚಿಸುತ್ತಿದೆ. ಹಾಗಿದ್ದಲ್ಲಿ ಹೊಸ ಬಾಟಲ್ ಟ್ರ್ಯಾಪನ್ನು ತಂದು, ರಬ್ಬರ್ ವಾಷರು ಓರೆಯಾಗದಂತೆ ಕೂರಿಸಿ, ಕೈಯಿಂದಲೇ ಬಿಗಿಮಾಡಿ, ವೇಸ್ಟ್ ಪೈಪು ಗೋಡೆಯ ಕೊಳವೆಯನ್ನು ಹೊಗುವೆಡೆಯಲ್ಲಿ ಸುತ್ತಲಿನ ಸಂದನ್ನು ರಬ್ಬರಿನ ಕಾಲರಿನಿಂದ ಮುಚ್ಚತಕ್ಕದ್ದು. ಆ ಸಂದು ತೆರೆದಿದ್ದರೆ ಟ್ರ್ಯಾಪಿದ್ದೂ ವಾಸನೆ ಬರುವುದು, ಜಿರಳೆಗಳೂ ಬರುವುವು. ಬಳಿಕ ಸಿಂಕನ್ನು ಅಂಚಿನವರೆಗೆ ತುಂಬಿ ಒಮ್ಮೆಲೇ ಬಿಟ್ಟು, ಒಂದೊಂದು ಸೇರುವೆಗೂ ಒಣ ಪತ್ರಿಕೆಯ ಕಾಗದವನ್ನು ಒತ್ತಿ ನೋಡಲಿ. ಕೊನೆಯಲ್ಲಿ ಗಟಗಟನೆ ಗಾಳಿಯೆಳೆದ ಸದ್ದು ಬಲವಾಗಿ ಕೇಳಿಸಿದರೆ, ಅರ್ಧ ಲೋಟ ನೀರನ್ನು ಮೆಲ್ಲಗೆ ಸುರಿದು ತಡೆಯನ್ನು ತುಂಬಲಿ. ಊರಿಗೆ ಹೋಗುವಾಗ ಒಂದು ಚಮಚ ಎಣ್ಣೆಯನ್ನೂ ಬಿಟ್ಟರೆ, ಅದು ನೀರಿನ ಮೇಲೆ ಹರಡಿ ಆವಿಯನ್ನು ತಡೆಯುವುದು.

ಉಳಿದದ್ದು ಕಟ್ಟಿಕೊಳ್ಳುವ ದೂರು. ಬಾಟಲ್ ಟ್ರ್ಯಾಪಿನ ಕೆಳಗಿನ ಬಟ್ಟಲನ್ನು ಕೈಯಿಂದ ತಿರುಗಿಸಿ ಬಿಚ್ಚಬಹುದಾಗಿ ಮಾಡಿರುವುದು ಈ ಕಾರಣಕ್ಕಾಗಿಯೇ. ಅಡಿಯಲ್ಲೊಂದು ಬಕೆಟ್ಟಿಟ್ಟು ಬಿಚ್ಚಿದರೆ, ಬೂದುಬಣ್ಣದ ಜಿಡ್ಡಿನಲ್ಲಿ ಹೂತ ಅನ್ನದ ಅಗುಳು, ಸಾಸಿವೆ, ಕರಿಬೇವಿನ ಕಡ್ಡಿ ಎಲ್ಲವೂ ಅಲ್ಲಿ ಸಿಗುವುವು. ಅವೆಲ್ಲ ಅಲ್ಲಿ ನಿಂತದ್ದರಿಂದಲೇ ಗೋಡೆಯೊಳಗಿನ, ಕೈಗೆ ಸಿಗದ ಕೊಳವೆ ಉಳಿದುಕೊಂಡಿರುವುದು. ತಿಂಗಳಿಗೊಮ್ಮೆ ಅದನ್ನು ತೊಳೆದು ಮತ್ತೆ ಕೂಡಿಸುವುದು ಹತ್ತು ನಿಮಿಷದ ಕೆಲಸ. ಸಿಂಕನ್ನೂ ನಲ್ಲಿಯನ್ನೂ ತಾವೇ ಕೂಡಿಸಬಲ್ಲವರಿಗೆ ಅದು ಭಾರವಾಗಲಾರದು.