ಮಿದುಳಿನ ಕಾವಲುಗಾರರು

ಅಕ್ಕೋಳದ ಹೊಲದಲ್ಲಿ ದುಡಿಯುವ ರೈತನಿರಲಿ, ನಗರದ ಕಚೇರಿಯ ಗುಮಾಸ್ತನಿರಲಿ, ರಕ್ತದ ಒತ್ತಡವನ್ನು ಹತೋಟಿಯಲ್ಲಿಡುವ ಪ್ರಮುಖ ಅಂಗ ಮಿದುಳು. ನರಗಳ ಮೂಲಕ ಅದು ಹೃದಯದ ಬಡಿತವನ್ನೂ ರಕ್ತನಾಳಗಳ ಅಗಲವನ್ನೂ ಹೆಚ್ಚು ಕಡಿಮೆ ಮಾಡುತ್ತದೆ.

ಮಿದುಳಿಗೂ ಕಾವಲುಗಾರರುಂಟು. 1919ರಲ್ಲಿ ಸ್ಪೇನಿನ ವಿಜ್ಞಾನಿ ಪಿಯೊ ದೆಲ್ ರಿಯೊ ಒರ್ತೇಗ ಹೆಸರಿಟ್ಟ ‘ಮೈಕ್ರೋಗ್ಲಿಯ’ ಜೀವಕೋಶಗಳೇ ಅವು. ರೋಗಾಣುಗಳನ್ನೂ ಸತ್ತ ಕೋಶಗಳನ್ನೂ ನುಂಗಿ ನರಕೋಶಗಳನ್ನು ಕಾಯುವುದು ಅವುಗಳ ಕಾರ್ಯ.

ಆದರೆ ಆಂಜಿಯೋಟೆನ್ಸಿನ್ ಎಂಬ ಹಾರ್ಮೋನು ಮಿತಿಮೀರಿದಾಗ ಬೇಲಿಯೇ ಎದ್ದು ಹೊಲ ಮೇಯ್ದಂತಾಗುತ್ತದೆ. ಈ ಕೋಶಗಳು ಕೆರಳಿ, ಉರಿಯೂತದ ರಾಸಾಯನಿಕಗಳನ್ನು ಸ್ರವಿಸುತ್ತವೆ. ಮಿದುಳಿನ ಬುಡದ ಹೈಪೊಥಲಾಮಸ್ಸಿನ ನರಕೋಶಗಳು ಉದ್ರೇಕಗೊಂಡು, ರಕ್ತನಾಳಗಳು ಸಂಕುಚಿಸಿ, ಒತ್ತಡವು ಏರುತ್ತದೆ. ಇಲಿಗಳಲ್ಲಿ ಮಿನೋಸೈಕ್ಲಿನ್ ಔಷಧದಿಂದ ಈ ಕೆರಳಿಕೆಯನ್ನು ತಡೆದಾಗ ಒತ್ತಡದ ಏರಿಕೆಯೂ ತಗ್ಗಿತು.

ಮನುಷ್ಯರ ಚಿಕಿತ್ಸೆಗೆ ಈ ಮಾರ್ಗವಿನ್ನೂ ಸಿದ್ಧವಾಗಿಲ್ಲ. ಆದುದರಿಂದ ಉಪ್ಪನ್ನು ಮಿತಗೊಳಿಸಿ, ಒತ್ತಡವನ್ನು ಆಗಾಗ ಪರೀಕ್ಷಿಸಿಕೊಳ್ಳುವುದೇ ವಿವೇಕ.