ಮುಖದ ಆಕಾರವೂ ಒಸಡಿನ ದಪ್ಪವೂ

ಕಾಯವನ್ನು ಪ್ರಸಾದಕಾಯವೆಂದು ಭಾವಿಸಿ ಕಾಪಾಡಿಕೊಳ್ಳಬೇಕೆಂಬುದು ಶರಣರು ತೋರಿದ ಹಾದಿ. ಪ್ರಸಾದವು ಮೊದಲು ಸೇರುವ ತಾಣ ಬಾಯಿ. ನಿತ್ಯವೂ ಹಲ್ಲುಜ್ಜಿ, ಮಿಂದು, ಇಷ್ಟಲಿಂಗ ಪೂಜೆಗೆ ಕೂರುವ ನಾವು, ಹಲ್ಲನ್ನು ಆಧರಿಸಿ ಕಾಯುವ ಒಸಡಿನ ಕಡೆಗೆ ಗಮನ ಕೊಡುವುದು ಕಡಿಮೆ. ಅಗಲ ಮುಖದವರ ಒಸಡು ದಪ್ಪ, ನೀಳ ಮುಖದವರ ಒಸಡು ತೆಳು ಎಂದು ಹೇಳಬಹುದೇ? ಇದನ್ನು ಇಲ್ಲಿ ವಿಚಾರಿಸೋಣ.

ಒಸಡಿನ ದಪ್ಪವು ಎಲ್ಲರಲ್ಲೂ ಸಮನಾಗಿರುವುದಿಲ್ಲ. 1 ಮಿಲಿಮೀಟರಿಗಿಂತ ಹೆಚ್ಚಿದ್ದರೆ ದಪ್ಪ, ಅಷ್ಟೇ ಅಥವಾ ಕಡಿಮೆಯಿದ್ದರೆ ತೆಳು ಎಂದು ದಂತವೈದ್ಯರು ಎಣಿಸುತ್ತಾರೆ. ತೆಳು ಒಸಡುಳ್ಳವರ ಹಲ್ಲುಗಳು ಸಾಮಾನ್ಯವಾಗಿ ನೀಳವಾಗಿದ್ದು, ಬುಡದತ್ತ ಕಿರಿದಾಗಿರುತ್ತವೆ. ದಪ್ಪ ಒಸಡುಳ್ಳವರಲ್ಲಿ ಚೌಕಾಕಾರದ ಹಲ್ಲುಗಳು ಹೆಚ್ಚಾಗಿ ಕಾಣುತ್ತವೆ.

ಹಲ್ಲಿಗೂ ಮುಖಕ್ಕೂ ನಂಟು ಕಲ್ಪಿಸಿದವರಲ್ಲಿ ಪ್ರಮುಖರು ಅಮೆರಿಕದ ದಂತವೈದ್ಯ ಲಿಯಾನ್ ವಿಲಿಯಮ್ಸ್. ಮೇಲಿನ ಮುಂಬದಿಯ ಹಲ್ಲಿನ ಆಕೃತಿಯನ್ನು ತಲೆಕೆಳಗು ಮಾಡಿದರೆ ಅದು ಆ ವ್ಯಕ್ತಿಯ ಮುಖದ ಆಕೃತಿಯನ್ನು ಹೋಲುತ್ತದೆಂದು ಅವರು 1914ರ ಸುಮಾರಿಗೆ ಪ್ರತಿಪಾದಿಸಿದರು. ಕೃತಕ ದಂತಪಂಕ್ತಿಗೆ ಹಲ್ಲುಗಳನ್ನು ಆರಿಸಲು ಈ ನಿಯಮ ಬಹುಕಾಲ ಬಳಕೆಯಲ್ಲಿತ್ತು. ಆದರೆ ಮುಂದೆ ಅಳೆದು ನೋಡಿದವರಿಗೆ ಆ ಹೋಲಿಕೆ ಎಲ್ಲರಲ್ಲೂ ಕಂಡುಬರಲಿಲ್ಲ. ಮುಖದಿಂದ ಹಲ್ಲನ್ನು, ಹಲ್ಲಿನಿಂದ ಒಸಡನ್ನು ಊಹಿಸುವ ಸರಪಳಿಯ ಮೊದಲ ಕೊಂಡಿಯೇ ಹೀಗೆ ಸಡಿಲವಾಗಿದೆ. ಆದ್ದರಿಂದ ಮುಖವನ್ನು ಕಂಡು ಒಸಡಿನ ದಪ್ಪವನ್ನು ನಿರ್ಣಯಿಸಲಾಗದು.

ನಿರ್ಣಯಿಸುವ ಮಾರ್ಗ ಸರಳವಾಗಿದೆ. ಮೊಂಡು ತುದಿಯ ತೆಳುವಾದ ಅಳತೆಗಡ್ಡಿಯನ್ನು ವೈದ್ಯರು ಹಲ್ಲು ಮತ್ತು ಒಸಡಿನ ನಡುವೆ ಮೆಲ್ಲನೆ ಇಳಿಸುತ್ತಾರೆ. ಒಸಡಿನ ಮೂಲಕ ಗಡ್ಡಿಯು ಹೊರಕ್ಕೆ ತೋರಿದರೆ ಒಸಡು ತೆಳು, ತೋರದಿದ್ದರೆ ದಪ್ಪ.

ಇದನ್ನು ತಿಳಿಯುವುದರಿಂದ ಪ್ರಯೋಜನವುಂಟು. ತೆಳು ಒಸಡು ಬೇಗನೆ ಕೆಳಸರಿದು ಹಲ್ಲಿನ ಬೇರು ಹೊರಗೆ ಕಾಣತೊಡಗುತ್ತದೆ. ತಣ್ಣೀರು ತಾಗಿದರೂ ಹಲ್ಲು ಜುಮ್ಮೆನ್ನುತ್ತದೆ. ಹಾಗೆ ಸರಿದ ಒಸಡು ಸಾಮಾನ್ಯವಾಗಿ ತಾನಾಗಿ ಮೊದಲಿನಂತೆ ಬೆಳೆಯುವುದಿಲ್ಲ. ದಪ್ಪ ಒಸಡು ಹೊಡೆತವನ್ನು ತಾಳಿಕೊಂಡರೂ ರೋಗದಿಂದ ಮುಕ್ತವಲ್ಲ. ಅಲ್ಲಿ ಸೋಂಕು ಒಳಗೊಳಗೇ ಆಳವಾಗಿ ಇಳಿಯಬಹುದು. ಮಕ್ಕಳ ಹಲ್ಲಿಗೆ ತಂತಿ ಹಾಕಿಸುವ ಮುನ್ನ ತಂದೆತಾಯಿಗಳು ಒಸಡಿನ ದಪ್ಪವನ್ನು ಪರೀಕ್ಷಿಸುವಂತೆ ವೈದ್ಯರಲ್ಲಿ ವಿನಂತಿಸಿಕೊಳ್ಳುವುದು ಒಳಿತು. ತೆಳು ಒಸಡಿನ ಹಲ್ಲನ್ನು ಹೊರಕ್ಕೆ ಸರಿಸಿದಾಗ ಒಸಡು ಇಳಿಯುವ ಅಪಾಯ ಹೆಚ್ಚು.

ಒಸಡು ಯಾವ ಬಗೆಯದಾದರೂ ಆರೈಕೆಯ ಕ್ರಮ ಒಂದೇ. ಇದ್ದಿಲು, ಇಟ್ಟಿಗೆ ಪುಡಿಗಳಿಂದ ತಿಕ್ಕುವುದನ್ನು ಬಿಟ್ಟು, ಮೃದುವಾದ ಬ್ರಷ್ಷಿನಿಂದ ದಿನಕ್ಕೆ ಎರಡು ಬಾರಿ ಹಗುರವಾಗಿ ಉಜ್ಜಬೇಕು. ತಂಬಾಕು, ಗುಟ್ಕಾಗಳನ್ನು ತ್ಯಜಿಸಬೇಕು. ಸಕ್ಕರೆ ಕಾಯಿಲೆಯುಳ್ಳವರು ಅದನ್ನು ಹತೋಟಿಯಲ್ಲಿಡಬೇಕು. ಒಸಡಿನಲ್ಲಿ ರಕ್ತ ಕಂಡರೆ ತಡಮಾಡದೆ ದಂತವೈದ್ಯರನ್ನು ಕಾಣಬೇಕು.

ಹೊರಗಿನ ರೂಪವನ್ನು ಕಂಡು ಒಳಗಿನದನ್ನು ಅಳೆಯಬಾರದೆಂಬುದನ್ನು ನಾವು ಶರಣರಿಂದ ಕಲಿತಿದ್ದೇವೆ. ಒಸಡಿನ ವಿಷಯದಲ್ಲಿಯೂ ಆ ವಿವೇಕವೇ ನಮ್ಮನ್ನು ಕಾಯುತ್ತದೆ.